ಕೆಂಡನ ಕೊನೆಯ ನಳಿಕೆಗಳು

"ನನ್ನ ಸೊಸೆ ಸುಳ್ಳುಗಾತಿ ಅಲ್ಲ. ಅದನ್ನ ನೀವು ತೋರಿಸಿಕೊಡಬೇಕು, ಅಷ್ಟೇ."

ನನ್ನ ಕನ್ನಡಕದ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದ ಹೆಂಗಸು ಕೂರುವ ಮೊದಲೇ ಆಡಿದ ಮಾತು ಇದು. ಎತ್ತರದ ಆಳು. ವಯಸ್ಸಾಗಿದ್ದರೂ ಬೆನ್ನು ನೆಟ್ಟಗಿತ್ತು, ಕಾಲಲ್ಲಿ ಕೆಸರು ಮೆತ್ತಿದ ಬೂಟು. ಅವರಿಗೆ ಬೇಕಾದದ್ದು ಕನ್ನಡಕವಲ್ಲ ಎಂದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ನಮ್ಮ ಅಂಗಡಿಗೆ ಬರುವವರಲ್ಲಿ ಎರಡು ಬಗೆ. ಕಣ್ಣು ಕಾಣದೆ ಬರುವವರು ನನ್ನ ಗಿರಾಕಿಗಳು; ಕಣ್ಣಿಗೆ ಕಂಡದ್ದು ಅರ್ಥವಾಗದೆ ಬರುವವರು ನನ್ನ ಅತ್ತಿಗೆಯ ಗಿರಾಕಿಗಳು.

"ಮೇಲೆ ಬನ್ನಿ," ಎಂದೆ. "ಅವರು ಮೇಲಿದ್ದಾರೆ."

ಅತ್ತಿಗೆ ಪೊಲೀಸ್ ಪ್ರಯೋಗಾಲಯದಲ್ಲಿ ಬಹುಕಾಲ ಸೂಕ್ಷ್ಮದರ್ಶಕದ ಮುಂದೆ ಕೂತವರು. ಕೂದಲು, ನೂಲು, ಧೂಳು, ರಕ್ತದ ಕಲೆ ಇವುಗಳ ಬಾಯಿ ಬಿಡಿಸುವುದು ಅವರ ಕೆಲಸವಾಗಿತ್ತು. ಮೇಲಧಿಕಾರಿಯೊಬ್ಬರು ವರದಿಯಲ್ಲಿ ಬರೆಯಬೇಡಿ ಎಂದದ್ದನ್ನು ಇವರು ಬರೆದರು, ರಾಜೀನಾಮೆಯನ್ನೂ ಅದರ ಜೊತೆಗೇ ಕೊಟ್ಟು ಬಂದರು. ನನ್ನ ಅಣ್ಣ ಹಡಗಿನ ಇಂಜಿನಿಯರು, ವರ್ಷದ ಬಹುಪಾಲು ನೀರಿನ ಮೇಲೆಯೇ ಇರುತ್ತಾನೆ. ಹಾಗಾಗಿ ಅಂಗಡಿಯ ಮೇಲಿನ ಮನೆಯಲ್ಲಿ ಅತ್ತಿಗೆ, ಅವರ ಸೂಕ್ಷ್ಮದರ್ಶಕ, ಅವರ ಚೀಲ ಹೊರುವುದಕ್ಕೆ ನಾನು.

ಕಾಫಿ ಬಂತು. ಬಂದವರು ಅದನ್ನು ಮುಟ್ಟಲಿಲ್ಲ.

"ನಮ್ಮದು ಕುದುರೆ ಸಾಕೋ ಮನೆ," ಎಂದರು. "ಹಳೇ ತಳಿ, ಗಿಡ್ಡ ಕುದುರೆ, ಗಟ್ಟಿ ಕಾಲು. ಈಗ ಅಂಥವು ಬೆರಳೆಣಿಕೆಯಷ್ಟು ಉಳಿದಿವೆ. ಶುದ್ಧ ತಳಿಯ ಗಂಡು ಅಂತ ಇದ್ದದ್ದು ನಮ್ಮ ಕೆಂಡ ಒಬ್ಬನೇ. ಹೊಟ್ಟೆಶೂಲೆ ಬಂದು ಹೋದ ವರ್ಷ ಸತ್ತ. ಸಾಯೋಕೆ ಮುಂಚೆ ನನ್ನ ಸೊಸೆ ಅವನ ವೀರ್ಯ ತೆಗೆದು ಹೆಪ್ಪುಗಟ್ಟಿಸಿ ಇಟ್ಟಿದ್ಳು. ಈ ತಳಿದು ಹಿಮ ತಡೆಯಲ್ಲ, ಕರಗಿಸಿದ್ರೆ ಸತ್ತೇ ಸಿಗುತ್ತೆ ಅಂತ ಎಲ್ಲ ಕೈಬಿಟ್ಟಿದ್ರು. ಇವಳು ಮಾಡಿದ್ಳು. ಕರಗಿಸಿದ ಮೇಲೂ ನೂರಕ್ಕೆ ನಲವತ್ತು ಓಡಾಡ್ತಾವೆ ಅಂತ ವರದಿ ಕೊಟ್ಳು."

"ನಲವತ್ತು ಅಂದ್ರೆ ಚೆನ್ನಾಗಿದೆ ಅಂತಲೇ?" ಎಂದು ನಾನು ಕೇಳಿದೆ. ಕನ್ನಡಕದವನಿಗೆ ನೂರಕ್ಕೆ ನಲವತ್ತು ದೃಷ್ಟಿ ಎಂದರೆ ಫೇಲು.

"ಕುದುರೆಗೆ ಮೂವತ್ತು ಮೇಲಿದ್ರೆ ಸಾಕಪ್ಪ. ಇದನ್ನ ಬಳಸೋಕೆ ಒಪ್ಪಿಗೆ ಕೊಡಿ ಅಂತ ತಳಿ ಸಂಘಕ್ಕೆ ಅರ್ಜಿ ಹಾಕಿದ್ವಿ. ಹೋದ ವಾರ ಸಂಘದವರು ಬಂದ್ರು, ಎಲ್ಲರ ಎದುರಿಗೆ ಪರೀಕ್ಷೆ ಆಯ್ತು. ವೀರ್ಯ ತುಂಬಿದ ಮೂರು ನಳಿಕೆ ಕರಗಿಸಿದ್ರು. ಮೂರರಲ್ಲೂ ಒಂದೂ ಅಲುಗಾಡ್ಲಿಲ್ಲ." "ಮಾರನೇ ದಿನ ಸೊಸೆ ತಾನೇ ಇನ್ನೊಂದು ನೋಡಿದ್ಳು. ಅದೂ ಸತ್ತಿತ್ತು. ಈಗ ಮಗ ಹೇಳ್ತಾನೆ, ಅವಳು ಸುಳ್ಳು ವರದಿ ಕೊಟ್ಟಳು ಅಂತ. ಅವಳು ಹೇಳ್ತಾಳೆ, ನಳಿಕೆ ಇಟ್ಟ ಟ್ಯಾಂಕಿಗೆ ಅವನು ತಣ್ಣಗಿಡೋ ನೈಟ್ರೋಜನ್ ತುಂಬಿಸೋದು ಮರೆತ ಅಂತ. ಇವತ್ತು ಬೆಳಿಗ್ಗೆ ಅವಳು ಪೆಟ್ಟಿಗೆ ಕಟ್ತಾ ಇದ್ಳು. ನಾನು ಪೆಟ್ಟಿಗೆಯ ಬೀಗದ ಕೈ ಕಿತ್ತುಕೊಂಡು ಇಲ್ಲಿಗೆ ಬಂದೆ."

ಅವರು ಕೈ ಬಿಚ್ಚಿ ತೋರಿಸಿದರು. ಅಂಗೈಯಲ್ಲಿ ಸಣ್ಣ ಬೀಗದ ಕೈ.

ಅತ್ತಿಗೆ ಎದ್ದು ನನ್ನ ಕಡೆ ನೋಡಿದರು. "ಅಂಗಡಿ ಮುಚ್ಚು. ಚೀಲ ತಗೋ."

* * *

ಕುದುರೆಮನೆ ಊರಾಚೆಯ ಇಳಿಜಾರಿನಲ್ಲಿತ್ತು. ಮೂರು ಕಡೆ ಲಾಯ, ನಡುವೆ ಅಂಗಳ, ನಾಲ್ಕನೆಯ ಕಡೆ ಪ್ರಯೋಗಾಲಯ. ಅಂಗಳದ ಕಡೆಗೆ ಪ್ರಯೋಗಾಲಯಕ್ಕೆ ಗೋಡೆಯೇ ಇರಲಿಲ್ಲ, ಪೂರಾ ಗಾಜು. ಬಂದವರು ಹೊರಗೆ ನಿಂತೇ ಒಳಗಿನ ಕೆಲಸ ನೋಡಲಿ ಎಂದು, ನಮ್ಮನ್ನು ಕರೆತಂದ ಯಜಮಾನಿಯ ಗಂಡ ಕಟ್ಟಿಸಿದ್ದಂತೆ. ಕೈತೊಳೆಯುವ ತೊಟ್ಟಿಯೂ ಗಾಜಿಗೆ ಒತ್ತಿಕೊಂಡೇ ಇತ್ತು. ಅಂಗಳದಲ್ಲಿ ಕುದುರೆ ತಿಕ್ಕುವ ಆಳುಗಳಿಗೆ ಒಳಗಿದ್ದವರ ಉಗುರೂ ಕಾಣುವಂತಿತ್ತು. ಫ್ರಿಜ್ಜಿಗೆ ಒಳಗೆ ಜಾಗ ಸಾಲದೆ ಅದನ್ನು ಹಿಂದಿನ ಹಜಾರದಲ್ಲಿಟ್ಟಿದ್ದರು. ಅದಕ್ಕೆ ಬೀಗವಿರಲಿಲ್ಲ.

ಸೊಸೆ ಬಿಳಿ ಕೋಟು ಹಾಕಿಕೊಂಡು ನಿಂತಿದ್ದಳು. ಕಣ್ಣು ಊದಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

"ಕೇಳಿ ಮೇಡಂ, ಏನು ಬೇಕಾದ್ರೂ ತೋರಿಸ್ತೀನಿ."

"ಮೊದಲು ಟ್ಯಾಂಕು," ಎಂದರು ಅತ್ತಿಗೆ.

ಹಾಲಿನ ದೊಡ್ಡ ಕ್ಯಾನಿನ ಹಾಗಿದ್ದ ಪಾತ್ರೆ. ಬೀಗ ತೆಗೆದು ಮುಚ್ಚಳ ಎತ್ತಿದರೆ ಬಿಳಿ ಹೊಗೆ ಉಕ್ಕಿ ನೆಲಕ್ಕೆ ಇಳಿಯಿತು. ಒಳಗಿನ ದ್ರವ ನೈಟ್ರೋಜನ್ ಎಷ್ಟು ತಣ್ಣಗೆಂದರೆ ಬೆರಳು ಅದ್ದಿದರೆ ಬೆರಳು ಹೋಯಿತೆಂದೇ ಲೆಕ್ಕ. ಸೊಸೆ ಉದ್ದನೆಯ ಇಕ್ಕಳದಿಂದ ಒಂದು ನಳಿಕೆಯನ್ನು ಪಾತ್ರೆಯ ಕೊರಳಿನವರೆಗೆ ಎತ್ತಿದಳು. ಬರೆಯುವ ಪೆನ್ನಿನ ರೀಫಿಲ್ಲಿನಷ್ಟು ದಪ್ಪದ ಪಾರದರ್ಶಕ ಕೊಳವೆ. ಅತ್ತಿಗೆ ಟಾರ್ಚು ಬಿಟ್ಟು ಬಗ್ಗಿ ನೋಡಿದರು. "ಇನ್ನೊಂದು," ಎಂದರು. "ಇನ್ನೊಂದು." ಒಂದೊಂದನ್ನೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ವಾಪಸು ಇಳಿಸಬೇಕಿತ್ತು.

"ನಡುವೆ ಒಂದು ಗಾಳಿಗುಳ್ಳೆ ಇದೆಯಲ್ಲ?" ಎಂದರು.

"ತುಂಬಿಸುವಾಗ ಸ್ವಲ್ಪ ಜಾಗ ಬಿಡ್ತೀವಿ ಮೇಡಂ, ಹೆಪ್ಪುಗಟ್ಟಿದಾಗ ಹಿಗ್ಗುತ್ತೆ ಅಂತ."

"ಹೆಪ್ಪುಗಟ್ಟಿಸುವಾಗ ಮಲಗಿಸ್ತೀರೋ, ನಿಲ್ಲಿಸ್ತೀರೋ?"

"ಜಾಲರಿ ಮೇಲೆ ಮಲಗಿಸ್ತೀವಿ. ಆಮೇಲೆ ಟ್ಯಾಂಕಲ್ಲಿ ನಿಲ್ಲಿಸಿಡ್ತೀವಿ."

ಅತ್ತಿಗೆ ತಲೆಯಾಡಿಸಿ ಮುಚ್ಚಳ ಮುಚ್ಚಿಸಿದರು. ಅವರ ತುಟಿಯ ಒಂದು ತುದಿ ಚೂರು ಮೇಲೇರಿದ್ದನ್ನು ನಾನು ನೋಡಿದೆ. ಹಾಗಾದರೆ ಏನೋ ಸಿಕ್ಕಿದೆ ಎಂದು ಅರ್ಥ, ಕೇಳಿದರೆ ಹೇಳುವುದಿಲ್ಲ ಎಂದೂ ಅರ್ಥ.

"ಪರೀಕ್ಷೆ ಹೇಗೆ ಮಾಡ್ತೀರಿ, ಇವನಿಗೆ ಅರ್ಥ ಆಗೋ ಹಾಗೆ ಹೇಳಿ," ಎಂದು ನನ್ನನ್ನು ತೋರಿಸಿದರು.

"ಮೈಬಿಸಿಯಷ್ಟು ಬಿಸಿ ಇರೋ ನೀರಲ್ಲಿ ಅರ್ಧ ನಿಮಿಷ ನಳಿಕೆ ಅದ್ದಿ ಕರಗಿಸ್ತೀವಿ. ಒರೆಸಿ, ತುದಿ ಕತ್ತರಿಸಿ, ಒಂದು ಹನಿ ತೆಗೆದು ಈ ದ್ರಾವಣದಲ್ಲಿ ತೆಳು ಮಾಡ್ತೀವಿ." ಹಜಾರದ ಫ್ರಿಜ್ಜಿನಿಂದ ಒಂದು ಸೀಸೆ ತಂದು ತೋರಿಸಿದಳು. ತಿಳಿಯಾದ, ಬಣ್ಣವಿಲ್ಲದ ದ್ರವ. ಮೇಲೆ ಅವಳದೇ ಕೈಬರಹದ ಚೀಟಿ. "ಸಕ್ಕರೆ, ಉಪ್ಪು ಲೆಕ್ಕವಾಗಿ ಹಾಕಿ ನಾನೇ ಮಾಡೋದು. ತೆಳು ಮಾಡದಿದ್ರೆ ಜಾತ್ರೆ ಜನದ ಹಾಗೆ, ಎಣಿಸೋಕೆ ಆಗಲ್ಲ. ಆಮೇಲೆ ಬೆಚ್ಚಗಿನ ಗಾಜಿನ ಮೇಲಿಟ್ಟು ನೂರರಲ್ಲಿ ಎಷ್ಟು ಮುಂದಕ್ಕೆ ಈಜ್ತಾವೆ ಅಂತ ನೋಡೋದು."

"ಸಂಘದ ಪರೀಕ್ಷೆ ದಿನ ಇದೇ ಸೀಸೆನಾ?"

"ಇದೇ. ಸಂಘದ ಪರವಾಗಿ ಪರೀಕ್ಷೆ ಮಾಡಿದ್ದು ನಮ್ಮ ಮೇಷ್ಟ್ರು, ಕಾಲೇಜಿನಲ್ಲಿ ನನಗೆ ಈ ವಿದ್ಯೆ ಕಲಿಸಿದವರು. ಎಲ್ಲಾ ಇಲ್ಲಿಯ ಸಾಮಾನೇ ಬಳಸ್ತೀನಿ, ನಾಳೆ ಯಾರೂ ನನ್ನ ಕಡೆ ಬೆರಳು ತೋರಿಸಬಾರದು ಅಂದ್ರು. ಹಿಂದಿನ ದಿನ ಮಧ್ಯಾಹ್ನ ನಾನೇ ಇದೇ ಸೀಸೆಯಿಂದ ಒಂದು ನೋಡಿದ್ದೆ. ನಲವತ್ತು ಚೆನ್ನಾಗಿ ಓಡ್ತಾ ಇದ್ವು. ಅದನ್ನ ನನ್ನ ಗಂಡನೇ ನಂಬಲ್ಲ."

"ಸತ್ತ ಸ್ಯಾಂಪಲ್ ಏನಾದ್ರೂ ಉಳಿದಿದೆಯಾ?"

"ಇದೆ. ಪ್ರತಿ ಪರೀಕ್ಷೆಯಲ್ಲೂ ತೆಳು ಮಾಡಿದ್ದರದು ಒಂದು ಹನಿ ಫಾರ್ಮಲಿನ್‌ನಲ್ಲಿ ಹಾಕಿಡು, ಇದ್ದದ್ದು ಇದ್ದ ಹಾಗೇ ನಿಲ್ಲುತ್ತೆ ಅಂತ ಮೇಷ್ಟ್ರು ಕಲಿಸಿದ್ದು."

ಅತ್ತಿಗೆ ಬಹಳ ಹೊತ್ತು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಬೆರಳಲ್ಲಿ ಎಣಿಸುತ್ತ ಕೂತರು. ಆಮೇಲೆ ನನ್ನನ್ನು ಕರೆದರು. ಸಣ್ಣ ತಲೆ, ಉದ್ದ ಬಾಲದ ಜೀವಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಕೆಲವುಗಳ ಬಾಲ ನೂಲಿನ ಎಳೆಯ ಹಾಗೆ ನೆಟ್ಟಗೆ, ಕೆಲವುಗಳದು ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ.

"ಈ ಸುರುಳಿ ಏನು?" ಎಂದು ಸೊಸೆಯನ್ನು ಕೇಳಿದೆ.

"ಹೆಪ್ಪುಗಟ್ಟಿಸುವಾಗ ಆದ ತಪ್ಪು ಅಂತ ಮೇಷ್ಟ್ರು ಹೇಳಿದ್ರು. ತಣ್ಣಗೆ ಮಾಡೋದರಲ್ಲಿ ಎಡವಟ್ಟಾದ್ರೆ ಹಾಗೂ ಆಗುತ್ತೆ." ಅವಳ ದನಿ ಇಳಿಯಿತು. "ನನ್ನ ಕೈ ತಪ್ಪೇ ಇರಬೇಕು."

ಅತ್ತಿಗೆ ಸೀಸೆಯನ್ನು ಹತ್ತಿರ ಎಳೆದುಕೊಂಡರು. ನನ್ನ ಕಡೆ ಕೈ ಚಾಚಿದರು. "ಕನ್ನಡಕ ಕೊಡು."

"ಯಾಕೆ?"

"ಕೊಡೋ ಅಂದ್ರೆ."

ನನ್ನ ಮೂಗಿನ ಮೇಲಿದ್ದದ್ದನ್ನು ತೆಗೆದು, ಸೀಸೆಯ ದ್ರಾವಣದ ಒಂದು ಹನಿಯನ್ನು ಅದರ ಗಾಜಿನ ಮೇಲೆ ಬಿಟ್ಟು, ಮೇಜಿನ ದೀಪದ ಕೆಳಗಿಟ್ಟರು. ನಾನು ಕುರುಡನ ಹಾಗೆ ಕುರ್ಚಿ ತಡಕಿ ಕೂತೆ. ಹನಿ ಆರಿದ ಮೇಲೆ ಗಾಜನ್ನು ಬೆಳಕಿಗೆ ಹಿಡಿದು ವಾಪಸು ಕೊಟ್ಟರು. "ಒರೆಸಬೇಡ, ಹಾಗೇ ಹಾಕ್ಕೋ. ಕಲೆ ಇದೆಯಾ?"

ಇರಲಿಲ್ಲ. ನಾನು ಒರೆಸಿದ್ದಕ್ಕಿಂತ ಶುಭ್ರವಾಗಿತ್ತು.

* * *

ಆ ಸಂಜೆಯ ಊಟದ ಮೇಜಿನಲ್ಲಿ ಗಂಡ ಹೆಂಡತಿ ಎದುರುಬದುರು ಕೂತಿದ್ದರೂ ಉಪ್ಪಿನ ಬಟ್ಟಲನ್ನು ಕೂಡ ಯಜಮಾನಿಯ ಮೂಲಕವೇ ದಾಟಿಸುತ್ತಿದ್ದರು. ಮಾತಿನ ಭಾರವನ್ನೆಲ್ಲ ಹೊತ್ತವರು ಮನೆಯ ಅಳಿಯ. ದುಂಡು ಮುಖ, ದೊಡ್ಡ ನಗು. ಬೇರೆ ತಳಿಯ ರಕ್ತ ಬೆರೆತ ಗಂಡು ಕುದುರೆಯೊಂದನ್ನು ಅವರು ಸಾಕಿದ್ದರು. ಕೆಂಡನ ನಳಿಕೆಗಳು ಕೈಕೊಟ್ಟರೆ ಸಂಘ ಅದನ್ನೇ ಒಪ್ಪಿಕೊಳ್ಳಬೇಕು.

"ಆದದ್ದು ಆಗೋಯ್ತು ಅತ್ತೆ," ಎಂದರು. "ಆ ಟ್ಯಾಂಕು ಖಾಲಿ ಮಾಡಿ ಗುಂಡಿಗೆ ಸುರೀರಿ. ಕಣ್ಮುಂದೆ ಇದ್ದಷ್ಟೂ ಜಗಳ. ಟ್ಯಾಂಕಿನ ಬೀಗದ ಕೈ ನನ್ನ ಹತ್ರನೂ ಒಂದಿದೆ, ನಾಳೆ ನಾನೇ ಸುರಿದುಬಿಡ್ತೀನಿ."

"ನೀವು ಸುಮ್ನಿರಿ ಅಳಿಯಂದಿರೇ," ಎಂದರು ಯಜಮಾನಿ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಬೆಳ್ಳಿ ಕೂದಲು, ಮೆದು ಮಾತು. ಸೊಸೆ ಎದ್ದು ನಿಂತಳು. ಅವರು ಅವಳ ತಲೆ ಮುಟ್ಟಿ ಕೂರಿಸಿದರು.

"ನೋಡಮ್ಮ, ಕೆಟ್ಟ ವರದಿ ಬರೆದು ನಿನ್ನ ಭವಿಷ್ಯ ಹಾಳು ಮಾಡೋಕೆ ನನಗೆ ಮನಸ್ಸಿಲ್ಲ. ನೀವೇ ಅರ್ಜಿ ವಾಪಸು ತಗೊಳ್ಳಿ. ಟ್ಯಾಂಕು ನಮ್ಮ ಕಾಲೇಜಿಗೆ ಕೊಡಿ, ಸತ್ತವಾದರೂ ಹುಡುಗರ ಪಾಠಕ್ಕೆ ಆಗ್ತಾವೆ. ವಿಷಯ ಇಲ್ಲಿಗೇ ಮುಗೀತು ಅನ್ಕೋ."

ಅಂಥ ದೊಡ್ಡ ಮನಸ್ಸಿಗೆ ನನ್ನ ಕಣ್ಣೇ ತೇವವಾಯಿತು. ಊಟಕ್ಕೆ ಕೂರಿ ಎಂದರೆ ಅವರು ಒಲ್ಲೆ ಎಂದರು. "ಮನೇಲಿ ಎರಡು ಹೆಣ್ಣು ಕುದುರೆ ಬೆದೆಗೆ ಬಂದಿವೆ. ಇದೇ ತಳಿದು. ನೋಡಿಕೊಳ್ಳೋರು ಯಾರೂ ಇಲ್ಲ. ನಾಳೆ ಗಾಡಿ ತರ್ತೀನಿ."

"ನಾಳೆ ಬನ್ನಿ ಮೇಷ್ಟ್ರೇ," ಎಂದರು ಅತ್ತಿಗೆ, ಮನೆಯವರಿಗಿಂತ ಮುಂಚೆ. "ಟ್ಯಾಂಕಿನ ವಿಷಯ ನಾಳೆ ಎಲ್ಲರೆದುರಿಗೆ ಇತ್ಯರ್ಥ ಆಗಲಿ."

ನನಗೆ ಮಲಗಲು ಅತಿಥಿಗಳ ಕೋಣೆ ಕೊಟ್ಟರು. ಪರೀಕ್ಷೆಯ ಹಿಂದಿನ ದಿನ ಸಂಜೆಯೇ ಬಂದು ಮೇಷ್ಟ್ರು ಉಳಿದದ್ದೂ ಅಲ್ಲೇ, ಆಮೇಲೆ ಅದನ್ನು ಯಾರೂ ಬಳಸಿಲ್ಲ, ಹಾಸಿಗೆ ಮಾತ್ರ ಬದಲಿಸಿದ್ದೇವೆ ಎಂದರು ಯಜಮಾನಿ. ಒಳ್ಳೆಯ ಕೋಣೆಯೇ. ಆದರೆ ಕಿಟಕಿಯ ಒಳಗಟ್ಟೆಯ ಮೇಲೆ ಕಳ್ಳಿಗಿಡದ ಒಂದು ಕುಂಡವಿತ್ತು. ಅದರಿಂದ ಹೊರಟ ಇರುವೆಗಳ ಮೆರವಣಿಗೆ ಗೋಡೆ ಇಳಿದು, ನೆಲ ದಾಟಿ, ನನ್ನ ಚಪ್ಪಲಿಯನ್ನು ಬಳಸಿಕೊಂಡು ಹೋಗುತ್ತಿತ್ತು.

"ಕುಂಡದಲ್ಲಿ ಸಕ್ಕರೆ ಕಾರ್ಖಾನೆ ಇಟ್ಟಿದ್ದಾರೆ ಅತ್ತಿಗೆ," ಎಂದು ಬೆಳಿಗ್ಗೆ ದೂರಿದೆ. "ಅರ್ಧ ಇರುವೆಗಳು ನನ್ನ ಜೊತೆಗೇ ಎದ್ದವು."

ಅವರು ಹಲ್ಲುಜ್ಜುವ ಬ್ರಷ್ಷು ಹಿಡಿದುಕೊಂಡೇ ನನ್ನ ಕೋಣೆಗೆ ನಡೆದರು. ಕುಂಡದ ಮಣ್ಣನ್ನು ಬೆರಳಿಂದ ಕೆದರಿ, ಮೂಸಿ, ನನ್ನ ಬೆನ್ನು ತಟ್ಟಿದರು. "ಇಷ್ಟು ವರ್ಷ ನೀನು ಗೊಣಗಿದ್ದರಲ್ಲಿ ಇದೊಂದು ಪ್ರಯೋಜನಕ್ಕೆ ಬಂತು."

ಆಮೇಲೆ ಸೊಸೆಯನ್ನು ಕರೆದು, ಸಕ್ಕರೆ, ಉಪ್ಪಿನ ದ್ರಾವಣವನ್ನು ಹೊಸದಾಗಿ ಒಂದು ಸೀಸೆ ಮಾಡಲು ಹೇಳಿದರು. ಯಾಕೆ ಎಂದು ಹೇಳಲಿಲ್ಲ.

* * *

ಎಲ್ಲರೂ ಪ್ರಯೋಗಾಲಯದಲ್ಲಿ ಸೇರಿದರು: ಯಜಮಾನಿ, ಮಗ, ಸೊಸೆ, ಅಳಿಯ, ಗಾಡಿ ತಂದಿದ್ದ ಮೇಷ್ಟ್ರು. ಅತ್ತಿಗೆ ಫೋನು ಮಾಡಿ ಕರೆಸಿದ್ದ ತಳಿ ಸಂಘದ ಅಧ್ಯಕ್ಷರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂತರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಗೋಡೆಯ ಪರದೆಯ ಮೇಲೂ ಮೂಡುವಂತೆ ಮಾಡಿದ್ದರು.

"ಮೊದಲು ಗಂಡ ಹೆಂಡತಿ ಜಗಳ," ಎಂದು ಅತ್ತಿಗೆ ಶುರುಮಾಡಿದರು. "ಟ್ಯಾಂಕು ಯಾವಾಗಲಾದ್ರೂ ಒಣಗಿತ್ತಾ? ನಳಿಕೆಗಳನ್ನ ಮಲಗಿಸಿ ಹೆಪ್ಪುಗಟ್ಟಿಸ್ತಾರೆ. ಆದ್ದರಿಂದ ಗಾಳಿಗುಳ್ಳೆ ನಳಿಕೆಯ ನಡುವೆ ಉಳಿಯುತ್ತೆ. ಆಮೇಲೆ ನಿಲ್ಲಿಸಿಡ್ತಾರೆ. ನಿಂತಲ್ಲೇ ಒಂದು ಸಲ ಕರಗಿ ಮತ್ತೆ ಗಟ್ಟಿಯಾಗಿದ್ರೆ ಗುಳ್ಳೆ ಎಲ್ಲಿರಬೇಕಿತ್ತು?"

"ಮೇಲಿನ ತುದೀಲಿ," ಎಂದ ಮಗ ನಿಧಾನವಾಗಿ.

"ನಾನು ನೋಡಿದ ಎಲ್ಲದರಲ್ಲೂ ನಡುವೆಯೇ ಇದೆ. ನೀವು ನೈಟ್ರೋಜನ್ ಹಾಕೋದು ಮರೆತಿಲ್ಲ. ಅವು ಒಂದು ಸಲವೂ ಕರಗಿಲ್ಲ."

ಮಗ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಹಾಗಾದ್ರೆ ಇವಳ ವರದಿಯೇ ಸುಳ್ಳು ಅಂತ ಆಯ್ತಲ್ಲ?" ಎಂದರು ಅಳಿಯ.

"ಅದನ್ನ ಕೆಂಡನೇ ಹೇಳಲಿ. ಒಂದು ನಳಿಕೆ ಕರಗಿಸಮ್ಮ."

ಸೊಸೆ ಇಕ್ಕಳದಿಂದ ಒಂದು ನಳಿಕೆ ಎತ್ತಿದಳು. ಅದ್ದಿದಳು, ಒರೆಸಿದಳು, ಕತ್ತರಿಸಿದಳು. ಅತ್ತಿಗೆ ಎರಡು ಗಾಜು ಮುಂದಿಟ್ಟರು. "ಒಂದು ಹನಿ ಹಳೇ ಸೀಸೆಯ ದ್ರಾವಣದಲ್ಲಿ. ಇನ್ನೊಂದು, ಇವತ್ತು ಬೆಳಿಗ್ಗೆ ಮಾಡಿದೆಯಲ್ಲ, ಅದರಲ್ಲಿ."

ಮೊದಲನೆಯದು ಪರದೆಯ ಮೇಲೆ ಬಂತು. ನಿಶ್ಚಲ, ಮಸಣದ ಹಾಗೆ. ಯಜಮಾನಿ ಕಣ್ಣು ಮುಚ್ಚಿಕೊಂಡರು.

ಎರಡನೆಯದು ಬಂತು.

ನಾನು ಮಳೆಗಾಲದ ಹೊಂಡದಲ್ಲಿ ಮೀನಿನ ಮರಿಗಳನ್ನು ನೋಡಿದ್ದೇನೆ. ಆದರೆ ಇಂಥ ಆತುರವನ್ನು ನೋಡಿಲ್ಲ. ಪರದೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಬಾಲ ಬೀಸಿಕೊಂಡು, ಒಂದನ್ನೊಂದು ದಾಟಿಕೊಂಡು, ಎಲ್ಲೋ ಹೊತ್ತು ಮೀರಿತೆಂಬಂತೆ ನೇರವಾಗಿ ಓಡುತ್ತಿದ್ದವು. ಸತ್ತ ಕುದುರೆಯ ಓಟ ಅದು.

"ಓಡ್ತಾವೆ!" ಎಂದು ಯಜಮಾನಿ ಎದ್ದೇಬಿಟ್ಟರು. "ಲೋ, ನೋಡೋ, ಓಡ್ತಾವೆ!"

ಅಧ್ಯಕ್ಷರ ಟೋಪಿ ನೆಲಕ್ಕೆ ಬಿತ್ತು. ಸೊಸೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಳಿಕೆಯಲ್ಲಿ ತಪ್ಪಿಲ್ಲ, ತಪ್ಪಿರೋದು ಸೀಸೆಯಲ್ಲಿ," ಎಂದರು ಅತ್ತಿಗೆ. "ಸಕ್ಕರೆ, ಉಪ್ಪು ಇರೋ ನೀರು ಆರಿದ್ರೆ ಗಾಜಿನ ಮೇಲೆ ಬಿಳಿ ಕಲೆ ಬಿಡಬೇಕು. ಈ ಸೀಸೆಯ ಹನಿ ನನ್ನ ಮೈದುನನ ಕನ್ನಡಕದ ಮೇಲೆ ಆರಿತು. ಏನೂ ಉಳೀಲಿಲ್ಲ. ಅಂದ್ರೆ ಒಳಗಿರೋದು ಬರೀ ಡಿಸ್ಟಿಲ್ಡ್ ವಾಟರ್, ಉಪ್ಪಿನ ಅಂಶವೇ ಇಲ್ಲದ ಬಟ್ಟಿ ಇಳಿಸಿದ ನೀರು. ಅದರಲ್ಲಿ ಬಿದ್ದ ವೀರ್ಯಾಣು ನೀರು ಕುಡಿದು ಊದಿಕೊಂಡು ನಿಂತುಬಿಡುತ್ತೆ. ಈಕೆ ತಾನೇ ಮಾಡಿದ ಸೀಸೆ ಅಂತ ನಂಬಿ, ಮಾರನೇ ದಿನವೂ ಅದನ್ನೇ ಬಳಸಿದಳು, ತನ್ನನ್ನೇ ಬೈದುಕೊಂಡಳು. ಪರೀಕ್ಷೆಯ ಹಿಂದಿನ ಮಧ್ಯಾಹ್ನ ದ್ರಾವಣ ಸರಿಯಾಗಿತ್ತು. ಮಾರನೇ ಬೆಳಿಗ್ಗೆ ಇರಲಿಲ್ಲ. ಆ ನಡುವೆ ಯಾರೋ ಬದಲಾಯಿಸಿದ್ದಾರೆ."

ಎಲ್ಲರ ಕಣ್ಣೂ ಅಳಿಯನ ಕಡೆ ತಿರುಗಿತು. ಅವರ ನಗು ಮಾಯವಾಗಿತ್ತು.

"ನಾನಲ್ಲ! ನನಗೆ ಆ ಸೀಸೆಲಿ ಏನಿರುತ್ತೆ ಅನ್ನೋದೇ ಗೊತ್ತಿಲ್ಲ!"

"ನೀವಲ್ಲ," ಎಂದರು ಅತ್ತಿಗೆ. "ಕೆಂಡನ ವಂಶ ಮುಗಿದ್ರೆ ನಿಮಗೆ ಲಾಭ, ನಿಜ. ಆದರೆ ಮುಗಿಸೋಕೆ ನಿಮಗೆ ಇಷ್ಟೆಲ್ಲ ಸರ್ಕಸ್ಸು ಯಾಕೆ? ಟ್ಯಾಂಕಿನ ಬೀಗದ ಕೈ ನಿಮ್ಮ ಹತ್ರ ಇದೆ. ಮುಚ್ಚಳ ತೆಗೆದಿಟ್ಟಿದ್ರೆ ಸಾಕಿತ್ತು. ಈ ಕೆಲಸ ಮಾಡಿದವರು ನಳಿಕೆಗಳನ್ನ ಕೊಲ್ಲಲಿಲ್ಲ. ಅವು ಸತ್ತ ಹಾಗೆ ತೋರಿಸಿದ್ರು, ಅಷ್ಟೇ. ಜೀವಂತವಾಗಿ ತಮಗೆ ಬೇಕಾಗಿದ್ದಕ್ಕೆ ಜೋಪಾನ ಮಾಡಿದ್ರು. ಸತ್ತಿವೆ ಅಂತ ಎಲ್ಲರೂ ನಂಬಿದ ಮೇಲೆ ಆ ಟ್ಯಾಂಕನ್ನ ಕೇಳಿದವರು ಯಾರು?"

ಅತ್ತಿಗೆ ಮೇಷ್ಟ್ರ ಮುಂದೆ ಹೋಗಿ ಮೆತ್ತಗೆ ಕೇಳಿದರು.

"ಪರೀಕ್ಷೆ ದಿನದ ಸ್ಯಾಂಪಲ್ಲಿನಲ್ಲಿ ನೂರಕ್ಕೆ ನಲವತ್ತರ ಬಾಲ ಸುರುಳಿಯಾಗಿದೆ. ಉಳಿದವು ನೆಟ್ಟಗಿವೆ. ಯಾಕೆ ಮೇಷ್ಟ್ರೇ?"

"ಹೇಳಿದೆನಲ್ಲ. ಹೆಪ್ಪುಗಟ್ಟಿಸುವಾಗ ಆದ ದೋಷ."

"ನೀನು ಹೇಳಮ್ಮ," ಎಂದು ಅತ್ತಿಗೆ ಸೊಸೆಯ ಕಡೆ ತಿರುಗಿದರು. "ವೀರ್ಯಾಣುವನ್ನ ಬೇಕಂತಲೇ ಉಪ್ಪಿಲ್ಲದ ನೀರಿಗೆ ಹಾಕೋ ಒಂದು ಪರೀಕ್ಷೆ ಇದೆಯಲ್ಲ, ಅದರಲ್ಲಿ ಏನಾಗುತ್ತೆ?"

ಸೊಸೆ ಪಾಠ ಒಪ್ಪಿಸುವ ಹುಡುಗಿಯಂತೆ ಶುರುಮಾಡಿದಳು. "ಪೊರೆ ಗಟ್ಟಿಯಾಗಿದ್ದು ಜೀವ ಇರೋದು ನೀರು ಎಳ್ಕೊಂಡು ಊದುತ್ತೆ, ಬಾಲ ಸುರುಳಿ ಸುತ್ತುತ್ತೆ. ಸತ್ತಿದ್ದರ ಪೊರೆ ಹರಿದಿರುತ್ತೆ, ನೀರು ಬಂದ ಹಾಗೇ ಹೋಗುತ್ತೆ, ಬಾಲ ನೆಟ್ಟಗೇ ಇರುತ್ತೆ. ಸುರುಳಿ ಎಣಿಸಿದ್ರೆ ಜೀವ ಇದ್ದದ್ದು ಎಷ್ಟು ಅಂತ..." ಅವಳ ಮಾತು ಅಲ್ಲಿಗೆ ನಿಂತಿತು. ಮೆಲ್ಲಗೆ ಮೇಷ್ಟ್ರ ಕಡೆ ತಿರುಗಿದಳು. "ಇದನ್ನ ನನಗೆ ಕಲಿಸಿದ್ದು ನೀವೇ ಅಲ್ವಾ ಸರ್."

"ನಲವತ್ತು ಸುರುಳಿ. ನಿನ್ನ ವರದಿಯಲ್ಲೂ ನಲವತ್ತು," ಎಂದರು ಅತ್ತಿಗೆ. "ಭಯದಲ್ಲಿದ್ದ ನಿನ್ನ ಕಣ್ಣಿಗೆ ಅದು ತಪ್ಪಿತು. ಬೇರೆ ಯಾರ ಕಣ್ಣಿಗೆ ತಪ್ಪಿದ್ರೂ ನಾನು ಒಪ್ತಿದ್ದೆ. ಆ ಪಾಠ ಮಾಡಿದವರ ಕಣ್ಣಿಗೆ ತಪ್ಪೋಕೆ ಸಾಧ್ಯ ಇಲ್ಲ. ಕಂಡೂ ಬೇರೆ ಕಾರಣ ಹೇಳಿದ್ರು. ಇನ್ನು ಸೀಸೆ. ಅದನ್ನ ಇಲ್ಲಿಯ ತೊಟ್ಟಿಯಲ್ಲಿ ಸುರಿದ್ರೆ ಗಾಜಿನಾಚೆ ಅಂಗಳಕ್ಕೆಲ್ಲ ಕಾಣುತ್ತೆ. ಹಜಾರದ ಫ್ರಿಜ್ಜಿನಿಂದ ಎತ್ತಿಕೊಂಡು ಅತಿಥಿ ಕೋಣೆಗೆ ಹೋಗಿ, ಕಳ್ಳಿ ಕುಂಡಕ್ಕೆ ಸುರಿದ್ರು, ಡಿಸ್ಟಿಲ್ಡ್ ವಾಟರ್ ತುಂಬಿಸಿ ತಂದಿಟ್ರು. ಸಕ್ಕರೆ ಮಣ್ಣಿಗೆ ಇಳೀತು. ಆವತ್ತಿಂದ ಇರುವೆಗಳಿಗೆ ಅಲ್ಲಿ ಔತಣ. ಆ ಕೋಣೆಯಲ್ಲಿ ಆವತ್ತು ಉಳಿದಿದ್ದವರು ಒಬ್ಬರೇ. ಅವರ ಮನೆಯಲ್ಲಿ ಇದೇ ತಳಿಯ ಎರಡು ಹೆಣ್ಣು ಕುದುರೆ ಬೆದೆಗೆ ಬಂದಿವೆ. ಅವಕ್ಕೆ ಶುದ್ಧ ಗಂಡು ಬೇರೆಲ್ಲೂ ಇಲ್ಲ."

ಮೇಷ್ಟ್ರ ಕಣ್ಣು ಪರದೆಯ ಮೇಲಿತ್ತು. ಅಲ್ಲಿ ಓಟ ಇನ್ನೂ ನಿಂತಿರಲಿಲ್ಲ.

"ನನ್ನ ಆಯಸ್ಸೆಲ್ಲ ಈ ತಳಿಗೆ ಹಾಕಿದೆ," ಎಂದರು ಕೊನೆಗೆ. "ಕರಗಿಸಿದಾಗಲೆಲ್ಲ ಸತ್ತವೇ. ಇದು ಹಿಮ ತಡೆಯಲ್ಲ ಅಂತ ನಾನೇ ಪಾಠ ಮಾಡಿದೆ. ಹೋದ ವರ್ಷ ಈ ಹುಡುಗಿ ಫೋನು ಮಾಡಿ, ಸರ್, ನಲವತ್ತು ಬಂತು ಅಂದಳು. ಸಂತೋಷ ಅಂದೆ. ಫೋನಿಟ್ಟು ಗೋಡೆ ನೋಡ್ತಾ ಕೂತೆ. ಒಂದು ಮರಿಯಾದ್ರೂ ನನ್ನ ಕೈಯಿಂದ ಹುಟ್ಟಲಿ, ನಾನು ಮಾಡಿದೆ ಅಂತ ಅನ್ನಿಸಿಕೊಳ್ಳಲಿ ಅಂತ..."

"ಕೇಳಿದ್ದಿದ್ರೆ ಕೊಡ್ತಿದ್ದೆ ಸರ್," ಎಂದಳು ಸೊಸೆ. "ಎಲ್ಲರಿಗಿಂತ ಮೊದಲು ನಿಮಗೇ ಕೊಡ್ತಿದ್ದೆ."

"ಕೇಳಬೇಕಲ್ಲಮ್ಮ. ಶಿಷ್ಯೆಯನ್ನ ಕೇಳಬೇಕಲ್ಲ. ಅದೇ ಆಗಲಿಲ್ಲ."

ಅಧ್ಯಕ್ಷರು ಟೋಪಿ ಎತ್ತಿಕೊಂಡು ಎದ್ದರು. ಇನ್ನು ಮುಂದೆ ಸಂಘದ ಯಾವ ಪರೀಕ್ಷೆಯೂ ಈ ಮನುಷ್ಯನ ಕೈಯಿಂದ ನಡೆಯುವುದಿಲ್ಲ ಎಂದರು. ಕಾಲೇಜಿಗೂ ತಿಳಿಸುವುದಾಗಿ ಹೇಳಿದರು. ಮೇಷ್ಟ್ರು ತಲೆಯಾಡಿಸಿದರು. ಹೊರಡುವ ಮೊದಲು ಸೊಸೆಯನ್ನು ಒಂದೇ ಒಂದು ಮಾತು ಕೇಳಿದರು. "ಒಂದು ಸಲ ನೇರವಾಗಿ ನೋಡಲಾ?"

ಅವಳು ಕುರ್ಚಿ ಎಳೆದುಕೊಟ್ಟಳು. ಆ ಬೆಳ್ಳಿ ಕೂದಲಿನ ತಲೆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿತು, ಬಹಳ ಹೊತ್ತು ಮೇಲೇಳಲಿಲ್ಲ. ಹಜಾರದಲ್ಲಿ ಮಗ ಹೆಂಡತಿಯ ಎದುರು ನಿಂತು ಏನೋ ಹೇಳಲು ಹೋಗಿ ತಡವರಿಸುತ್ತಿದ್ದ.

"ನನ್ನದೂ ತಪ್ಪಿದೆ ರೀ," ಎಂದಳು ಅವಳೇ. "ನಾನೂ ನಿಮ್ಮನ್ನ ನಂಬಲಿಲ್ಲ."

ಯಜಮಾನಿ ನನ್ನ ಅತ್ತಿಗೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

* * *

ಸಂಘ ಕೆಂಡನ ನಳಿಕೆಗಳನ್ನು ಒಪ್ಪಿಕೊಂಡಿತು. ಮೊದಲು ಯಾರ ಕುದುರೆಗೆ ಎಂಬ ಮಾತು ಬಂದಾಗ ಸೊಸೆ ಹೇಳಿದ ಹೆಸರು ಕೇಳಿ ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದರಂತೆ.

"ಆ ಮನುಷ್ಯನ ಕುದುರೆಗಳಿಗಾ?"

"ಮನುಷ್ಯ ತಪ್ಪು ಮಾಡಿದ್ರೆ ಕುದುರೆ ಏನು ಮಾಡಬೇಕು?" ಎಂದಳಂತೆ ಅವಳು. "ಎರಡೂ ಶುದ್ಧ ತಳಿ, ಎರಡೂ ಎಳೇ ಪ್ರಾಯ. ನಮಗೆ ಬೇಕಾಗಿರೋದು ಮರಿ."

ಮೇಷ್ಟ್ರ ಎರಡು ಕುದುರೆಗಳಲ್ಲಿ ಒಂದು ಗಬ್ಬ ಕಟ್ಟಿತು. ಮುಂದಿನ ವರ್ಷ ಹೆಣ್ಣು ಮರಿ ಹುಟ್ಟಿದ ಸುದ್ದಿ ಬಂದಾಗ ಅತ್ತಿಗೆಯೂ ನಾನೂ ನೋಡಲು ಹೋದೆವು. ಕೆಂಪು ಮೈ, ಮೈಗಿಂತ ಉದ್ದವೆನಿಸುವ ಕಾಲು. ನಿಲ್ಲಲು ಹೋಗಿ ಮುಗ್ಗರಿಸಿ, ಮತ್ತೆ ನಿಲ್ಲುತ್ತಿತ್ತು. ಊರಿನ ಅರ್ಧ ಜನ ಬೇಲಿಗೆ ಒರಗಿಕೊಂಡು ನಿಂತಿದ್ದರು. ಯಾರೋ ಹೊಸಬ ಕೇಳಿದ: "ಏನ್ ಮೇಷ್ಟ್ರೇ, ಸತ್ತ ಕುದುರೆಗೆ ಮರಿ ಹುಟ್ಟಿಸಿದ್ರಂತೆ?"

ಕೈಯಲ್ಲಿ ಹುಲ್ಲಿನ ಕಂತೆ ಹಿಡಿದಿದ್ದ ಮೇಷ್ಟ್ರು ಕೆಲಸ ನಿಲ್ಲಿಸಿದರು. ಬೇಲಿಯವರೆಗೂ ನಡೆದು ಬಂದು, ಎಲ್ಲರಿಗೂ ಕೇಳುವ ಹಾಗೆ, ತರಗತಿಯ ದನಿಯಲ್ಲಿ ಹೇಳಿದರು.

"ನಾನಲ್ಲಪ್ಪ. ಇದು ನನ್ನ ಶಿಷ್ಯೆಯ ಕೆಲಸ."